‘ಇಲ್ಲ’ ಒತ್ತಿದವರಿಗೆ

ಅಕ್ಕನ ಮನೆ
ಮಂಗಳವಾರ, ಹದಿನಾಲ್ಕನೇ ತಾರೀಕು

ಅಂಗಡಿಯ ಯಜಮಾನರಿಗೆ,

ನಮಸ್ಕಾರ. ಕಾಗದ ಎಂದ ಮೇಲೆ ನಮಸ್ಕಾರ ಇರಬೇಕಲ್ಲ ಎಂದು ಬರೆದಿದ್ದೇನೆ, ಅದರಲ್ಲಿ ಬೇರೇನೂ ಹುಡುಕಬೇಡಿ.

ನಾನು ಫೋನ್ ಎತ್ತುತ್ತಿಲ್ಲವೆಂದು ನೀವು ಕಾಗದ ಬರೆದಿರಿ. ಮದುವೆಯಾಗಿ ಹದಿನೇಳು ವರ್ಷಕ್ಕೆ ಮೊದಲನೇ ಕಾಗದ. ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ, ಸುಳ್ಳೇಕೆ ಹೇಳಲಿ, ಆಸೆ ಹುಟ್ಟಿತು. ಅಕ್ಕನ ಕಣ್ಣಿಗೆ ಬೀಳಬಾರದೆಂದು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಒಡೆದೆ. ಒಟ್ಟು ಎಂಟು ಸಾಲು. ಆರು ಸಾಲು ಶಾಲೆಯ ವೆಬ್ ಪುಟ ಕೆಟ್ಟದ್ದು ಹೇಗೆ, ಸರಿಮಾಡುವುದು ಹೇಗೆ ಎಂದು, ಒಂದು ಸಾಲು ಬೀರುವಿನ ಕೀಲಿ ಎಲ್ಲಿದೆ ಎಂದು, ಇನ್ನೊಂದು ನಿಮ್ಮ ಸಹಿ. ಹೇಗಿದ್ದೀಯ ಎಂಬ ಒಂದು ಮಾತಿಲ್ಲ. ಮೈಯೆಲ್ಲ ಉರಿದುಹೋಯಿತು. ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಹದಿನೇಳು ವರ್ಷದಿಂದಲೂ ಅಲ್ಲೇ ಇದೆ.

ನಾನು ಮನೆ ಬಿಟ್ಟು ಬಂದದ್ದು ಯಾಕೆಂದು ನಿಮಗೆ ಇನ್ನೂ ತಿಳಿದಿಲ್ಲವಂತೆ. ಭಾವನ ಹತ್ತಿರ ಹಾಗೆ ಹೇಳಿದಿರಂತೆ, ಸಣ್ಣ ಮಾತಿಗೆ ಸಿಟ್ಟು ಮಾಡಿಕೊಂಡು ಹೋದಳು ಎಂದು. ಸರಿ, ಆ ಸಣ್ಣ ಮಾತನ್ನು ನೆನಪಿಸುತ್ತೇನೆ. ನಮ್ಮ ಅಂಗಡಿಯಿಂದ ವೆಬ್ ಪುಟ ಮಾಡಿಸುವ, ಕಣ್ಣು ಕಾಣದ ಮಕ್ಕಳ ಆ ಶಾಲೆಯ ವಾರ್ಷಿಕ ಸಭೆ. ಹೆಡ್ ಮೇಡಂ ಎಲ್ಲರ ಮುಂದೆ ಶಾಲೆಯ ವೆಬ್ ಪುಟಗಳನ್ನು ಬಾಯಿತುಂಬ ಹೊಗಳಿದರು. ಕಂಪ್ಯೂಟರ್ ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಬೇರೆ ಶಾಲೆಗಳ ಪುಟಗಳಲ್ಲಿ ತಡವರಿಸುತ್ತದೆ, ನಮ್ಮದನ್ನು ಮಾತ್ರ ನೀರು ಕುಡಿದಂತೆ ಓದುತ್ತದೆ ಎಂದರು. ನೀವು ಎದ್ದು ನಿಂತು ಕೈ ಮುಗಿದಿರಿ. ಪಕ್ಕದಲ್ಲಿ ಕೂತಿದ್ದ ನನ್ನನ್ನು ತೋರಿಸಿ ಯಾರೋ ಇವರೂ ಕೆಲಸ ಮಾಡುತ್ತಾರಾ ಎಂದು ಕೇಳಿದಾಗ ನೀವು ನಕ್ಕು ಹೇಳಿದ್ದು ಇಷ್ಟು: “ಅಯ್ಯೋ, ಅವಳು ಬರೀ ಟೈಪ್ ಮಾಡ್ತಾಳಷ್ಟೆ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ.”

ಏನು ನೋಡಿಕೊಂಡಿರಿ, ಸ್ವಲ್ಪ ಹೇಳಿ. ಜೆರಾಕ್ಸ್ ಯಂತ್ರದ ಮುಂದೆ ನಿಂತು ಬಂದವರ ಜೊತೆ ಹರಟೆ ಹೊಡೆದಿರಿ. ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಕಂಡವರ ಅರ್ಜಿ ಟೈಪ್ ಮಾಡುತ್ತಿದ್ದ ನಾನು, ಅರ್ಜಿ ಹೊಡೆಯುವ ಅದೇ ವರ್ಡ್ ಪ್ರೊಸೆಸರಿನಲ್ಲಿ ವೆಬ್ ಪುಟ ಬರೆಯುವುದನ್ನು ಕಲಿತೆ. ಬೇರೆ ಸಾಫ್ಟ್‌ವೇರ್ ಹಾಕಿಸಿಕೊಡಿ ಎಂದು ಎರಡು ವರ್ಷ ಕೇಳಿದೆ, ನೀವು ಸೊಪ್ಪು ಹಾಕಲಿಲ್ಲ. ಆಗಲಿ ಎಂದು ಇದ್ದುದರಲ್ಲೇ ಮಾಡಿದೆ. ಇದು ಶೀರ್ಷಿಕೆ, ಇದು ಚಿತ್ರ ಎಂದು ಕಂಪ್ಯೂಟರಿಗೆ ಹೇಳುವ ಒಂದೊಂದು ಟ್ಯಾಗನ್ನೂ ಕೈಯಾರೆ ತೆರೆದು ಕೈಯಾರೆ ಮುಚ್ಚಿದೆ. ಆ ವರ್ಡ್ ಪ್ರೊಸೆಸರಿಗೋ, ತಾನೇ ಬುದ್ಧಿವಂತ ಎಂಬ ಜಂಬ. ನಾನು ಸಣ್ಣಕ್ಷರ ಹೊಡೆದರೆ ಅದು ದೊಡ್ಡದು ಮಾಡುತ್ತದೆ, ಕೇಳದಿದ್ದರೂ ಬಣ್ಣದ ಗೆರೆ ಎಳೆಯುತ್ತದೆ. ಅದರ ಒಂದೊಂದು ಚಾಳಿಯನ್ನೂ ಹುಡುಕಿ ಹುಡುಕಿ ನಿಲ್ಲಿಸಿದೆ. ನಿಮ್ಮ ಚಾಳಿಗಳಿಗಿಂತ ಅವು ಬೇಗ ನಿಂತವು.

ಪುಟ ಉಳಿಸುವಾಗ ಪ್ರತಿಸಲ ಅದು ಪರದೆಯ ಮೇಲೆ ಒಂದು ಪೆಟ್ಟಿಗೆ ತೆರೆದು ಹೆದರಿಸುತ್ತಿತ್ತು. ಹೀಗೆ ಬರೀ ಅಕ್ಷರವಾಗಿ ಉಳಿಸಿದರೆ ಬಣ್ಣ, ದಪ್ಪಕ್ಷರದ ಅಲಂಕಾರವೆಲ್ಲ ಹೋಗುತ್ತದೆ, ಆಗಬಹುದೇ ಎಂದು. ‘ಹೌದು’ ಒತ್ತಬೇಕು. ಬರೀ ಅಕ್ಷರವಿದ್ದರೆ ಮಾತ್ರ ಅದು ವೆಬ್ ಪುಟ. ಅಲಂಕಾರ ಉಳಿದರೆ ಅದು ವರ್ಡ್ ಪ್ರೊಸೆಸರಿನ ಸ್ವಂತ ಭಾಷೆಯಾಗುತ್ತದೆ, ಬೇರೆ ಯಾರಿಗೂ ಅರ್ಥವಾಗುವುದಿಲ್ಲ. ಆರು ವರ್ಷ, ದಿನಕ್ಕೆ ಮೂವತ್ತು ನಲವತ್ತು ಸಲ ನಾನು ಹೌದು ಎಂದಿದ್ದೇನೆ. ಇದನ್ನು ನಿಮಗೆ ತೋರಿಸಲು ಎಷ್ಟು ಸಲ ಕರೆದೆ? ಆಮೇಲೆ ನೋಡೋಣ ಎಂದಿರಿ.

ನಾನು ಬಂದ ವಾರಕ್ಕೇ ಶಾಲೆಯವರು ಪರೀಕ್ಷೆಯ ವೇಳೆ ಬದಲಾಯಿಸಿದರು. ನೀವು ಆ ಪುಟ ತೆರೆದಿರಿ, ಮಧ್ಯಾಹ್ನ ಎರಡು ಎಂದಿದ್ದುದನ್ನು ಬೆಳಗ್ಗೆ ಒಂಬತ್ತು ಎಂದು ತಿದ್ದಿದಿರಿ. ಅಲ್ಲಿಗೆ ಸರಿ. ಪೆಟ್ಟಿಗೆ ಬಂದು ಅಲಂಕಾರ ಹೋಗುತ್ತದೆ ಎಂದಾಗ, ಹೆಂಡತಿಯ ಕೆಲಸ ಹಾಳಾಗಬಾರದು ಎಂದು ‘ಇಲ್ಲ’ ಒತ್ತಿದೆ ಎಂದು ಬರೆದಿದ್ದೀರಿ. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಕೆಲಸದ ಮೇಲೆ ನಿಮಗೆ ಕಾಳಜಿ ಬಂದದ್ದು ಆರು ವರ್ಷದಲ್ಲಿ ಅದೊಂದೇ ಸಲ, ಅದರಿಂದಲೇ ಅದು ಹಾಳಾಯಿತು.

ತಪ್ಪು ಯಾರಿಗೂ ಆಗುತ್ತದೆ. ಮೊದಮೊದಲು ನಾನೂ ಹತ್ತಾರು ಸಲ ‘ಇಲ್ಲ’ ಒತ್ತಿ ತಲೆ ಮೇಲೆ ಕೈ ಹೊತ್ತು ಕೂತಿದ್ದೇನೆ. ಅದಕ್ಕೆ ನನ್ನ ಸಿಟ್ಟಿಲ್ಲ. ನೀವು ಇಂಟರ್ನೆಟ್ಟಿಗೆ ಏರಿಸಿದ ಪುಟ ತೆರೆದ ಮಕ್ಕಳ ಕಿವಿಗೆ ಬರೀ ಅರ್ಥವಿಲ್ಲದ ಗಜಿಬಿಜಿ ಸದ್ದು ಬಿತ್ತು. ಹನ್ನೊಂದು ಮಕ್ಕಳು ಹಳೇ ವೇಳೆಯನ್ನೇ ನಂಬಿ ಮಧ್ಯಾಹ್ನ ಬಂದರು, ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಮೇಡಂ ಫೋನ್ ಮಾಡಿದಾಗ ನೀವೇನು ಹೇಳಿದಿರಿ? ನನ್ನ ಹೆಂಡತಿ ಟೈಪ್ ಮಾಡುವಾಗ ಎಡವಟ್ಟು ಮಾಡಿದ್ದಾಳೆ ಎಂದು. ಆಗ ನಾನು ಅಂಗಡಿಯಿಂದ ಐದು ಗಂಟೆ ಪ್ರಯಾಣದಷ್ಟು ದೂರ, ಅಕ್ಕನ ಮಗಳ ಜಡೆ ಹೆಣೆಯುತ್ತಿದ್ದೆ. ಹೊಗಳಿಕೆ ಬಂದಾಗ ಎಲ್ಲ ನಿಮ್ಮದು, ಬೈಗುಳ ಬಂದಾಗ ಎಲ್ಲ ನನ್ನದು. ಎಳ್ಳಷ್ಟಾದರೂ ನಾಚಿಕೆ ಬೇಡವೇ?

ಇದು ನನಗೆ ತಿಳಿದದ್ದು ಮೇಡಂ ಬರೆದ ಕಾಗದದಿಂದ. ಪುಟಗಳನ್ನೆಲ್ಲ ತೆಗೆದುಹಾಕಿ ಹೊರಗಿನ ಕಂಪನಿಗೆ ಕೊಡುತ್ತೇವೆ, ಟೈಪ್ ಮಾಡುವವರು ಇನ್ನು ಬರುವುದು ಬೇಡ ಎಂದಿದ್ದರು. ಅರವತ್ತಮೂರು ಪುಟ. ನನ್ನ ಜೀವನದಲ್ಲಿ ನನ್ನದು ಎಂದು ಇದ್ದದ್ದು ಅವಿಷ್ಟೇ. ಅಕ್ಕನಿಗೂ ಹೇಳದೆ ನಿನ್ನೆ ಮೊದಲನೇ ಬಸ್ಸು ಹತ್ತಿ ಶಾಲೆಗೆ ಹೋದೆ.

ಮೇಡಂ ಮುಖ ಕೊಟ್ಟು ಮಾತಾಡಲಿಲ್ಲ. ಗಣಿತದ ಮೇಷ್ಟ್ರನ್ನು ಕರೆಸಿದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಪುಟಗಳನ್ನು ದಿನವೂ ಕೇಳುವವರು. ಅವರು ನನ್ನ ಎದುರು ಕೂತು ಒಂದೇ ಪ್ರಶ್ನೆ ಕೇಳಿದರು, ಮೊದಲ ಪುಟದಲ್ಲಿ ಶಾಲೆಯ ಬಾಗಿಲಿನ ಚಿತ್ರದ ಹಿಂದೆ ಏನು ಬರೆದಿದೆ ಎಂದು. ಚಿತ್ರ ಹಾಕುವಾಗ ಅದರ ಟ್ಯಾಗಿನಲ್ಲಿ ನಾಲ್ಕು ಮಾತು ಬರೆದಿಡಬಹುದು, ಕಣ್ಣಿಗೆ ಕಾಣುವುದಿಲ್ಲ, ಸಾಫ್ಟ್‌ವೇರ್ ಮಾತ್ರ ಓದಿ ಹೇಳುತ್ತದೆ. ಇದೇ ಪ್ರಶ್ನೆಯನ್ನು ನಿಮಗೂ ಫೋನಿನಲ್ಲಿ ಕೇಳಿದ್ದರಂತೆ. ಚಿತ್ರದ ಹಿಂದೆ ಏನಿರುತ್ತೆ ಮೇಷ್ಟ್ರೇ, ಗೋಡೆ ಎಂದು ನೀವು ತಮಾಷೆ ಮಾಡಿದಿರಂತೆ. ನಾನು ಬಾಯಿಪಾಠದಂತೆ ಒಪ್ಪಿಸಿದೆ: ಬಾಗಿಲಿನ ಮುಂದೆ ನಾಲ್ಕು ಮೆಟ್ಟಿಲು, ಬಲಗಡೆ ಹಿಡಿದುಕೊಳ್ಳಲು ಕಂಬಿ ಇದೆ, ಮೂರನೇ ಮೆಟ್ಟಿಲು ಒಡೆದಿದೆ.

ಮೇಷ್ಟ್ರು ಮೇಡಂ ಕಡೆ ತಿರುಗಿ ಹೇಳಿದರು: “ಚಿತ್ರ ಹಾಕೋರು ಬೇಕಾದಷ್ಟು ಜನ ಸಿಗ್ತಾರೆ ಮೇಡಂ. ಮೂರನೇ ಮೆಟ್ಟಿಲು ಒಡೆದಿದೆ ಅಂತ ನಮಗೆ ಹೇಳಿದ್ದು ಇವರೊಬ್ಬರೇ.”

ಅಲ್ಲೇ ಅವರ ಕಂಪ್ಯೂಟರಿನಲ್ಲಿ, ಅದೇ ಜಂಬದ ವರ್ಡ್ ಪ್ರೊಸೆಸರಿನಲ್ಲಿ, ಇಬ್ಬರ ಎದುರಿಗೇ ಪರೀಕ್ಷೆಯ ಪುಟವನ್ನು ಮೊದಲಿನಿಂದ ಬರೆದೆ. ಒಂದು ಗಂಟೆ ಹಿಡಿಯಿತು. ಪೆಟ್ಟಿಗೆ ಬಂತು, ಹೌದು ಎಂದೆ. ಹನ್ನೊಂದು ಮಕ್ಕಳಿಗೆ ಶನಿವಾರ ಮರುಪರೀಕ್ಷೆ, ಆ ಸಾಲನ್ನೂ ಸೇರಿಸಿದೆ. ಮೇಡಂ ಮೆಟ್ಟಿಲಿನವರೆಗೆ ಬಂದು ಬೀಳ್ಕೊಟ್ಟರು. ಮುಂದಿನ ತಿಂಗಳಿನಿಂದ ಶಾಲೆಯಲ್ಲೇ ನನಗೊಂದು ಮೇಜು. ಅಂಗಡಿಯ ಮೂಲಕ ಅಲ್ಲ, ನೇರವಾಗಿ.

ಭಾನುವಾರ ನನ್ನ ಬಟ್ಟೆಬರೆ, ಟ್ಯಾಗ್ ಬರೆದಿಟ್ಟ ನೋಟುಪುಸ್ತಕ ತೆಗೆದುಕೊಳ್ಳಲು ಬರುತ್ತೇನೆ. ಅದಕ್ಕೆ ಮೊದಲು ನೀವು ಶಾಲೆಗೆ ಹೋಗಿ ‘ಇಲ್ಲ’ ಒತ್ತಿದ್ದು ನಾನೇ, ಅವಳಲ್ಲ ಎಂದು ಮೇಡಂಗೆ ಹೇಳಿದ್ದರೆ, ಕೂತು ಮಾತಾಡುತ್ತೇನೆ. ಕಾಫಿಯನ್ನೂ ಕುಡಿಯುತ್ತೇನೆ, ನೀವು ಮಾಡಿದರೆ. ಹೇಳಿರದಿದ್ದರೆ ಬಾಗಿಲಲ್ಲೇ ನಿಂತು ಚೀಲ ತೆಗೆದುಕೊಂಡು ಹೋಗುತ್ತೇನೆ. ಸಿಟ್ಟು ಇಳಿದಿದೆ ಎಂದುಕೊಳ್ಳಬೇಡಿ, ಇಳಿದಿಲ್ಲ.

ಇತಿ,
ನಿಮ್ಮ ಹೆಂಡತಿ

ತಾ.ಕ.: ಒಂದು ವಿಷಯ ಮುಚ್ಚಿಟ್ಟಿದ್ದೆ, ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಪ್ರತಿ ಪುಟದ ಕೊನೆಯಲ್ಲಿ ‘ತಯಾರಿಸಿದವರು’ ಎಂದು ನಿಮ್ಮ ಹೆಸರಿತ್ತು. ಅದನ್ನು ಹಾಕಿದ್ದು ನೀವಲ್ಲ, ನಾನೇ. ಹೆಂಗಸಿನ ಹೆಸರಿದ್ದರೆ ಯಾರು ನಂಬುತ್ತಾರೆ ಎಂದು ಹೆದರಿ, ಮೊದಲನೇ ದಿನವೇ, ನೀವು ಕೇಳದೆಯೇ ಹಾಕಿದೆ. ಆರು ವರ್ಷ ಆ ಮಕ್ಕಳಿಗೆ ಅರವತ್ತಮೂರು ಪುಟದಲ್ಲೂ ನಿಮ್ಮ ಹೆಸರನ್ನು ಕೇಳಿಸಿದವಳು ನಾನು. ನಿನ್ನೆ ಶಾಲೆಯಿಂದ ಹೊರಡುವ ಮೊದಲು ಪ್ರತಿ ಪುಟದಲ್ಲೂ ಅದನ್ನು ಅಳಿಸಿ ನನ್ನ ಹೆಸರು ಬರೆದೆ. ಸಾಫ್ಟ್‌ವೇರ್ ಅದನ್ನು ಓದುವಾಗ ಸ್ವಲ್ಪ ಮುಗ್ಗರಿಸಿತು. ಇನ್ನೊಂದು ಸಲ ಓದಿಸಿ ಕೇಳಿದೆ.