ಬರೀ ಮಣ್ಣು

ಗ್ವಾಯ್ನ್ ಕಣಿವೆ, ವೇಲ್ಸ್
ಜನವರಿ ೧೪

ಎಮ್ರಿಸ್,

ಮೊದಲು ‘ಪ್ರೀತಿಯ’ ಎಂದು ಬರೆಯಬೇಕಿತ್ತು. ಇವತ್ತು ಕೈ ಏಳಲಿಲ್ಲ. ಫೋನಿನಲ್ಲೇ ಹೇಳೋಣವೆಂದರೆ, ನಾನು ದನಿ ಎತ್ತಿದ ಕೂಡಲೇ ಸಮುದ್ರದ ನಡುವಿನ ನಿಮ್ಮ ಎಣ್ಣೆಬಾವಿಯಲ್ಲಿ ಲೈನ್ ಕೆಟ್ಟುಹೋಗುತ್ತದೆ. ಕಾಗದದ ಬಾಯಿ ಮುಚ್ಚಿಸಲಾರೆಯಲ್ಲ, ಓದು.

ಸೋಮವಾರ ಮಾಬ್ಲಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅತ್ತಿದ್ದಳು. ಮೈ ಬಿಸಿಯೇರಿತೇನೋ ಎಂದು ಹೆಜ್ಜೆಹೆಜ್ಜೆಗೂ ಹಣೆ ಮುಟ್ಟಿ ನೋಡುತ್ತಾ ಬಂದು ಗೇಟು ತೆಗೆದರೆ, ನನ್ನ ಹೂದೋಟದ ಬಿಸಿಲು ಬೀಳುವ ಮಡಿಯಲ್ಲಿ ನಾಲ್ಕು ಗುಂಡಿ! ನಿನ್ನ ತಮ್ಮ ಡವನ್ ಹಾರೆ ಹಿಡಿದು ಬೆವರುತ್ತಿದ್ದ. ನಿನ್ನ ಅಮ್ಮ ಚಹಾದ ಲೋಟ ಹಿಡಿದು ಮೇಸ್ತ್ರಿಯ ಹಾಗೆ ನಿಂತಿದ್ದರು. ಮಾಬ್ಲಿಗೆ ಉಯ್ಯಾಲೆಯಂತೆ. ನೆಟ್ಟಗೆ ಕೂರಲೂ ಬಾರದ ಮಗುವಿಗೆ!

ಅತ್ತೆ, ಇದು ಪಿಯೊನಿ ಮಡಿ ಅಂದೆ. “ಯಾವ ಪಿಯೊನಿ? ಒಂದು ಎಲೆ ಇದ್ರೆ ತೋರ್ಸು ನೋಡೋಣ” ಅಂದರು. “ನಿನ್ನ ಗಂಡನ್ನ ಕೇಳೇ ಮಾಡ್ಸಿದ್ದು ಕಣೇ. ಅಲ್ಲೇನಿದೆಯಮ್ಮ, ಬರೀ ಮಣ್ಣು, ಹಾಕ್ಸಿಬಿಡು ಅಂದ.”

ಬರೀ ಮಣ್ಣು! ಅತ್ತೆಗೆ ಗೊತ್ತಿಲ್ಲ, ಬಿಡು. ಚಳಿಗಾಲದಲ್ಲಿ ಪಿಯೊನಿ ನೆಲದ ಮೇಲೆ ಕಡ್ಡಿಯನ್ನೂ ಉಳಿಸುವುದಿಲ್ಲ. ನಿನಗೇನಾಗಿತ್ತು? ಆ ಗೆಡ್ಡೆಗಳನ್ನು ಎರಡು ಬೆರಳಿಗಿಂತ ಆಳಕ್ಕೆ ಹೂಳಬೇಡ, ಹೂ ಬಿಡುವುದಿಲ್ಲ ಎಂದು ನಾನು ಹೇಳುವಾಗ ಪಕ್ಕದಲ್ಲಿ ಮಂಡಿಯೂರಿದ್ದವನು ನೀನೇ. ಮೊದಲ ಬೇಸಿಗೆಯಲ್ಲಿ ಮೊಗ್ಗು ಕತ್ತರಿಸಿ ತಂದು ಬೈಸಿಕೊಂಡವನೂ ನೀನೇ. ಎರಡು ಬೇಸಿಗೆ ಒಂದು ಹೂವನ್ನೂ ಕೀಳಬಾರದು, ಬೇರು ಬಲಿಯಬೇಕು. ಎರಡನೆಯ ಬೇಸಿಗೆಯಲ್ಲಿ ಬಸುರಿ ಹೊಟ್ಟೆ ಹೊತ್ತು ಬಗ್ಗಿ ಮೊಗ್ಗುಗಳನ್ನೆಲ್ಲ ನಾನೇ ಚಿವುಟಿದೆ. ಮೂರನೆಯದು ಈ ಬೇಸಿಗೆ. ಜೂನಿನಲ್ಲಿ ಊರ ಚರ್ಚಿನ ಮದುವೆಗೆ ಪಿಯೊನಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ನನ್ನ ಮೊದಲ ಕೊಯ್ಲು ಅದು.

ಡವನ್ ಅವುಗಳನ್ನು ಕೈಗಾಡಿಗೆ ಎಸೆದಿದ್ದ. “ಸತ್ತ ಗಿಡದ ಬೇರು ಅನ್ಕೊಂಡೆ ಅತ್ತಿಗೆ” ಅಂದ. ಮಾಬ್ಲಿಯನ್ನು ಶಾಲಿನಲ್ಲಿ ಎದೆಗೆ ಸುತ್ತಿಕೊಂಡು ಶೆಡ್ಡಿನ ನೆಲದಲ್ಲಿ ಕೂತು ಮುರಿದ ತುದಿಗಳನ್ನೆಲ್ಲ ಚಾಕುವಿನಿಂದ ಸವರಿದೆ. ಕೆಲವಕ್ಕೆ ಚಿಗುರೊಡೆಯುವ ಕೆಂಪು ಕಣ್ಣು ಇನ್ನೂ ಜೀವಂತವಿತ್ತು. ಮಣ್ಣು ಹೆಪ್ಪುಗಟ್ಟುವ ಮೊದಲು ಅಷ್ಟನ್ನು ಅದೇ ಮಡಿಯಲ್ಲಿ ಮತ್ತೆ ನೆಟ್ಟೆ. ಅಂದರೆ ಮತ್ತೆ ಎರಡು ಬೇಸಿಗೆ ಬರಿಗೈ.

“ಈ ಚಳೀಲಿ ತೋಟಕ್ಕೇನೇ ಕೆಲ್ಸ? ಹೋಗಿ ಮಲಕ್ಕೋ, ಕಣ್ಣು ನೋಡ್ಕೋ ಕನ್ನಡೀಲಿ” ಅನ್ನುತ್ತಾರೆ ಅತ್ತೆ. ಮಲಗಿದರೆ ಗುಂಡಿ ತೋಡುತ್ತೀರಿ! ಮರಳಲ್ಲಿ ಹೂತಿಟ್ಟ ಡೇಲಿಯಾ ಗೆಡ್ಡೆಗಳಲ್ಲಿ ಒಂದು ಕೊಳೆತರೆ ಸಾಕು, ಪೆಟ್ಟಿಗೆಗೆ ಪೆಟ್ಟಿಗೆಯೇ ಹೋಗುತ್ತದೆ. ಅವನ್ನು ಒತ್ತಿ ನೋಡುವವರು ಯಾರು? ಸ್ವೀಟ್ ಪೀ ಹೂವಿನ ಬೀಜವನ್ನು ಇಲಿಗೆ ಸಿಗದಂತೆ ಬಿತ್ತಬೇಕು, ಗುಲಾಬಿಯ ಕೊಂಬೆ ಸವರಬೇಕು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ವಾಲ್‌ಪೇಪರಿನ ಹಿಂಬದಿಯಲ್ಲಿ ನಕ್ಷೆ ಬರೆದಿದ್ದೇನೆ: ಏಪ್ರಿಲ್ಲಿನಿಂದ ಹಿಮ ಬೀಳುವವರೆಗೆ ಯಾವ ಮಡಿಯೂ ಬರಿದಾಗದ ಹಾಗೆ, ಒಂದು ಹೂ ಮುಗಿಯುವಷ್ಟರಲ್ಲಿ ಇನ್ನೊಂದು. ನಿನ್ನ ಅಮ್ಮ ಅದರ ಮೇಲೆ ಬಿಸಿ ಪಾತ್ರೆ ಇಟ್ಟರು.

ನಾನು ಮಲಗುವುದಿಲ್ಲ ಎಂಬುದು ನಿಜ. ಮಾಬ್ಲಿ ಉಸಿರಾಡುತ್ತಿದ್ದಾಳಾ ಎಂದು ಕಿವಿಗೊಡುತ್ತಾ ಕೂತಿರುತ್ತೇನೆ. ಬೆಳಿಗ್ಗೆ ಆ ನಕ್ಷೆಯ ಮುಂದೆ ಕೂತಾಗಲೇ ಎದೆಬಡಿತ ಇಳಿಯುವುದು. ಇದನ್ನು ನಿನ್ನ ಅಮ್ಮನಿಗೆ ಹೇಳಬೇಡ.

ನಿನ್ನೆ ಹಳೆಯ ಪಂಚಾಂಗದಂತೆ ನಮ್ಮ ಕಣಿವೆಯ ಹೊಸವರ್ಷ. ಹಾಡಲು ಬಂದ ಮಕ್ಕಳ ಮುಂದೆ ನಗುಮುಖ ಮಾಡಿದ್ದೇ ದೊಡ್ಡದು. ಶನಿವಾರ ಕಾಂಕ್ರೀಟ್ ಸುರಿಯಲು ಡವನ್ ಬರುತ್ತಾನೆ. ನನ್ನ ಮಡಿಗೆ ಒಂದು ಬಾಂಡ್ಲಿ ಕಾಂಕ್ರೀಟ್ ಬಿದ್ದರೂ ನಾನು ಮಗುವನ್ನೆತ್ತಿಕೊಂಡು ತವರಿಗೆ ಹೊರಟೆ ಎಂದುಕೋ.

ಸಿಟ್ಟಿನಲ್ಲೇ,
ಲೌರಿ

ತಾ.ಕ.: ಅಂಚೆಗೆ ಹಾಕುವಷ್ಟರಲ್ಲಿ ಶನಿವಾರ ಬಂದೇಬಿಟ್ಟಿತು. ಡವನ್ ಸಿಮೆಂಟು ಕಲಸಿಕೊಂಡು, ಹಾಗಾದ್ರೆ ಎಲ್ಲಿ ಹಾಕ್ಲಿ ಅತ್ತಿಗೆ ಎಂದು ಕೇಳಿದ. ರಿಪೇರಿಗೆ ಹೋದ ನಿನ್ನ ದೋಣಿ ಅಂಗಳದಲ್ಲಿ ನಿಲ್ಲುವ ಜಾಗ ತೋರಿಸಿದೆ. “ಅಣ್ಣ ನನ್ನ ಚರ್ಮ ಸುಲೀತಾನೆ!” ಅಂದ. ಅಲ್ಲೇನಿದೆ ಡವನ್, ಬರೀ ಮಣ್ಣು, ಹಾಕಿಬಿಡು ಅಂದೆ. ಉಯ್ಯಾಲೆ ಗಟ್ಟಿಯಾಗಿ ನಿಂತಿದೆ. ಕಾಂಕ್ರೀಟಿಗೆ ಹಿಮ ಹೊಡೆಯದಂತೆ ಅತ್ತೆಯೇ ಗೋಣಿ ಹೊದಿಸಿದರು.