ರತ್ನಗಿರಿಗೆ ದಯಮಾಡಿಸಿದ ರಾಜ

ಮಾನ್ಯ ಗ್ರಂಥಾಲಯ ಪ್ರದರ್ಶನಾಧಿಕಾರಿಗಳೇ,

ನಿಮ್ಮ ‘ಏಷ್ಯಾದ ಅರಸರು’ ಪ್ರದರ್ಶನದಲ್ಲಿ ಬರ್ಮಾದ ಕೊನೆಯ ರಾಜ ಥೀಬಾನ ಚಿತ್ರದ ಕೆಳಗೆ ಒಂದು ಹಸಿ ಸುಳ್ಳು ನೇತಾಡುತ್ತಿದೆ. ತೆಗೆಯಿರಿ ಎಂದು ಕೇಳಿದರೆ, ‘ಪಠ್ಯವನ್ನು ಸಮುದಾಯ ಪ್ರತಿನಿಧಿ ಒಪ್ಪಿದ್ದಾರೆ, ಬದಲಾವಣೆ ಬೇಕಿದ್ದರೆ ಅವರನ್ನೇ ಸಂಪರ್ಕಿಸಿ’ ಎಂದು ಉತ್ತರಿಸಿದಿರಿ. ಆ ಪ್ರತಿನಿಧಿ ನಾನೇ. ಕನ್ನಡಿಯ ಮುಂದೆ ನಿಂತು ವಿನಂತಿಸಿಕೊಂಡೆ. ಆಸಾಮಿ ಕೂಡಲೇ ಒಪ್ಪಿದ. ಅದನ್ನು ನಿಮಗೆ ತಿಳಿಸಿದರೆ, ‘ದೂರು ಕೊಟ್ಟವರೇ ದೂರನ್ನು ಇತ್ಯರ್ಥ ಮಾಡುವಂತಿಲ್ಲ’ ಎಂದಿರಿ. ಹಾಗಾದರೆ ನಾನು ಯಾರ ಬಳಿ ಹೋಗಲಿ? ಅದಕ್ಕೇ ಈ ಬಹಿರಂಗ ಪತ್ರ, ಅದೂ ಕನ್ನಡದಲ್ಲಿ. ನನ್ನ ಇಂಗ್ಲಿಷ್ ಎಂಥ ಅನಾಹುತ ಮಾಡಬಲ್ಲದು ಎಂಬುದು ಈಗಾಗಲೇ ನಿಮ್ಮ ಗೋಡೆಯ ಮೇಲಿದೆ.

ನಾನು ಮೈಸೂರಿನವನು, ನಿವೃತ್ತ ಇಂಜಿನಿಯರ್. ಮೆಲ್ಬರ್ನಿಗೆ ಬಂದ ಮೇಲೆ ನಮ್ಮ ಸಂಘದ ಸ್ವಾಗತ ಭಾಷಣಗಳೆಲ್ಲ ನನ್ನವೇ. ಊರಂಚಿನ ವೆರಿಬೀ ಬಡಾವಣೆಯಿಂದ ಕಾರು ಓಡಿಸಿಕೊಂಡು ಬಂದ ದಂತವೈದ್ಯರಾದರೂ ಸರಿ, ನನ್ನ ಬಾಯಲ್ಲಿ ಅವರು ‘ದಯಮಾಡಿಸುತ್ತಾರೆ’. ಬರ್ಮಾದ ಫಲಕ ಬರೆಯಲು ಯಾರೂ ಸಿಗದಿದ್ದಾಗ ನೀವು, ‘ಇಂಡಿಯಾದ ಪಕ್ಕದ ದೇಶವೇ ಅಲ್ಲವೇ?’ ಎಂದಿರಿ. ಮೈಕ್ ಕಂಡರೆ ಬಿಡದವನು ಫಲಕ ಕಂಡರೆ ಬಿಡುತ್ತೇನೆಯೇ? ಪಕ್ಕದ ಮನೆಯ ಬರ್ಮೀ ಹಿರಿಯಾಕೆ ಖಿನ್ ಮ್ಯಾ ಆಂಟಿಯಿಂದ ರಾಜನ ಚಿತ್ರ ತಂದೆ. ಕಥೆ ಮಾತ್ರ ಕೇಳಲಿಲ್ಲ. ಭಾಷಣಕಾರರಿಗೆ ಕೇಳುವ ಅಭ್ಯಾಸ ಇರುವುದಿಲ್ಲ. ‘೧೮೮೫ರಲ್ಲಿ ರಾಜದಂಪತಿಗಳು ಭಾರತಕ್ಕೆ ದಯಮಾಡಿಸಿ, ರತ್ನಗಿರಿಯ ಸಮುದ್ರತೀರದಲ್ಲಿ ವಿಶ್ರಾಂತ ಜೀವನ ನಡೆಸಿದರು’ ಎಂಬುದನ್ನು ಇಂಗ್ಲಿಷಿಗಿಳಿಸಿ ಕೊಟ್ಟೆ. ಕೊನೆಗೆ ಅಲ್ಲಿಯ ಮಾವಿನಹಣ್ಣಿನ ಪ್ರಶಂಸೆಯನ್ನೂ ಸೇರಿಸಿದೆ.

ನಮ್ಮೆರಡು ಮನೆಗಳ ನಡುವೆ ವರ್ಷಗಳಿಂದ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ಪುಳಿಯೋಗರೆ ಹೋದರೆ ಚಹಾ ಎಲೆಯ ಕೋಸಂಬರಿ ಬರುತ್ತಿತ್ತು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂದು ನನ್ನ ಹೆಂಡತಿ ವಿಜಯಾ ಆಂಟಿಗೆ ಹೇಳಿಕೊಟ್ಟಿದ್ದಳು. ಏನೂ ಮಾಡದ ದಿನ ಚಮಚ ಸಕ್ಕರೆಯಾದರೂ ಇರುತ್ತಿತ್ತು. ಆಂಟಿ ಪ್ರದರ್ಶನ ನೋಡಿ ಬಂದ ಮರುದಿನ ವಿಜಯಾ ಕೂಗಿದಳು: “ರೀ, ಡಬ್ಬಿ ಖಾಲಿ ಬಂದಿದೆ! ತೊಳೆದು, ಒರೆಸಿ ಇಟ್ಟಿದ್ದಾರೆ. ಏನ್ ಮಾಡಿದ್ರಿ ನೀವು?” ‘ಏನಾಯ್ತು’ ಎಂದು ಕೇಳಲಿಲ್ಲ, ನೋಡಿ. ಸಂಸಾರ ಮಾಡಿದವಳಿಗೆ ನಾನು ಗೊತ್ತು.

ಹೋಗಿ ವಿಚಾರಿಸಿದೆ. ಆಂಟಿ ಒಳಗೆ ಕರೆಯಲಿಲ್ಲ. “ಬ್ರಿಟಿಷರು ಸೈನ್ಯ ತಂದು ಹಿಡಿದ್ರು. ರಾಜ, ರಾಣೀನ ಎತ್ತಿನ ಗಾಡೀಲಿ ಕೂರಿಸಿ ಹಡಗಿಗೆ ಸಾಗಿಸಿದ್ರು. ನಮ್ಮಜ್ಜಿ ಆಗ ಪುಟ್ಟ ಹುಡುಗಿ, ರಸ್ತೇಲಿ ನಿಂತು ಅತ್ತಿದ್ಳು. ಆ ಸೈನ್ಯದಲ್ಲಿ ನಿಮ್ಮ ದೇಶದವರೂ ಇದ್ರು, ಮಿಸ್ಟರ್ ತ್ರಿವಿಕ್ರಮ,” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅದುವರೆಗೂ ನಾನು ಅವರಿಗೆ ಬರೀ ‘ವಿಕ್ರಮ್’ ಆಗಿದ್ದೆ. ಆ ‘ಮಿಸ್ಟರ್’ ಕೇಳಿ ನಾಚಿಕೆಯಾಯಿತು, ದುಃಖವೂ ಆಯಿತು.

ಥೀಬಾನ ರಾಜಧಾನಿ ಮಂಡಾಲೆ ನನಗೇನು ಗೊತ್ತಿಲ್ಲದ ಊರೇ? ಬ್ರಿಟಿಷರು ತಿಲಕರನ್ನು ಮಂಡಾಲೆಯ ಸೆರೆಮನೆಗೆ ಒಯ್ದದ್ದರ ಬಗ್ಗೆ ಭಾಷಣ ಮಾಡಿ ಶಾಲೆಯಲ್ಲಿ ಬಹುಮಾನ ಹೊಡೆದವನು ನಾನು. ನಮ್ಮವರನ್ನು ಅಲ್ಲಿಗೆ ಒಯ್ದರೆ ಸೆರೆವಾಸ, ಅಲ್ಲಿಯ ರಾಜನನ್ನು ನಮ್ಮಲ್ಲಿಗೆ ತಂದರೆ ವಿಶ್ರಾಂತ ಜೀವನ! ಮೂವತ್ತು ವರ್ಷ ಅವನನ್ನು ಊರಿಗೆ ಬಿಡಲಿಲ್ಲ, ರತ್ನಗಿರಿಯಲ್ಲೇ ಸತ್ತ. ನನ್ನ ದಡ್ಡತನ ನನಗಿರಲಿ. ಆದರೆ ಸ್ವಾಮಿ, ಇಷ್ಟೊಂದು ಬರ್ಮೀಯರು ಇಲ್ಲಿರುವಾಗ ಅವರ ರಾಜನನ್ನು ನನ್ನ ಕೈಗೆ ಒಪ್ಪಿಸಿದಿರಲ್ಲ, ಒಬ್ಬರನ್ನಾದರೂ ಒಂದು ಮಾತು ಕೇಳಬೇಕೆಂದು ನಿಮಗೆ ಅನ್ನಿಸಲಿಲ್ಲವೇ?

ಬರುವ ಶನಿವಾರ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯಿಂದ ಆಂಟಿಯ ಅಣ್ಣ ಬರುತ್ತಿದ್ದಾರೆ. ತೊಂಬತ್ತು ವಯಸ್ಸು. ತಮ್ಮ ರಾಜನ ಚಿತ್ರವನ್ನು ಈ ದೇಶದ ಗೋಡೆಯ ಮೇಲೆ ಒಮ್ಮೆ ನೋಡಬೇಕೆಂಬ ಆಸೆಗೆ ಅಷ್ಟು ದೂರದಿಂದ ಬರುತ್ತಿದ್ದಾರೆ. ಕೆಳಗೆ ಏನು ಬರೆದಿದೆ ಎಂದು ತಂಗಿ ಅವರಿಗೆ ಹೇಳಿಲ್ಲ. ಹೇಗೆ ಹೇಳಲಿ ಎಂದು ನನ್ನನ್ನೇ ಕೇಳಿದರು.

ಆದ್ದರಿಂದ ಶುಕ್ರವಾರ ಸಂಜೆಯೊಳಗೆ ಫಲಕ ಬದಲಾಗಲೇಬೇಕು. ಹೊಸದನ್ನು ಖಿನ್ ಮ್ಯಾ ಆಂಟಿ ಹೇಳಲಿ. ನಾನು ಟೈಪ್ ಮಾಡುತ್ತೇನೆ, ಮಾವಿನಹಣ್ಣು ಸೇರಿಸುವುದಿಲ್ಲ. ನೀವು ಒಪ್ಪದಿದ್ದರೆ ಶನಿವಾರ ಫಲಕದ ಪಕ್ಕದಲ್ಲೇ ನಿಂತಿರುತ್ತೇನೆ. ಆ ಹಿರಿಯರು ಓದಿ ಮುಗಿಸಿದ ಮೇಲೆ, ಇದನ್ನು ಬರೆದವನು ನಾನು ಎಂದು ಹೇಳುತ್ತೇನೆ. ಎಂಥ ಸಭೆಯಲ್ಲೂ ತಡವರಿಸದ ನನಗೆ ಅದರ ಮುಂದಿನ ಮಾತು ಮಾತ್ರ ಹೊಳೆಯುತ್ತಿಲ್ಲ.

ಇಂತಿ,
ನಿಮ್ಮ ದೂರುದಾರನೂ, ದುರದೃಷ್ಟವಶಾತ್ ನಿಮ್ಮ ಸಮುದಾಯ ಪ್ರತಿನಿಧಿಯೂ ಆದ
ತ್ರಿವಿಕ್ರಮ
ಖಾಲಿ ಡಬ್ಬಿಯ ಮನೆ, ಮೆಲ್ಬರ್ನ್