ಬಾಣಂತಿ ಮೊಲಕ್ಕೆ ನೀರು

ಕಿರುಗಾವಲು
19 ಜನವರಿ 2025, ಭಾನುವಾರ

ಮಗಳು ರಂಜಿತಂಗೆ ನಿಮ್ಮವ್ವನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೀವಿ ಅಂತ ಬರೆಯೋದು ರೂಢಿ. ನಿಮ್ಮಪ್ಪ ಚೆನ್ನಾಗವ್ರೆ. ನಾನು ಚೆನ್ನಾಗಿಲ್ಲ. ಫೋನಿನಲ್ಲಿ ನಾನು ಕೂಗಾಡ್ತೀನಿ, ನೀನು ಮಂಡ್ಯದಲ್ಲಿ ಕೂತು ಕಟ್ ಮಾಡ್ತೀಯ. ಕಾಗದ ಆದ್ರೆ ಹರಿದು ಹಾಕಬೇಕು, ಹರಿಯೋ ಮೊದಲು ಓದು. ಬರೆಯೋದು ತಡ ಆಯ್ತು, ನಿಜ. ನಾಕನೇ ಕ್ಲಾಸಿಗೇ ಸ್ಕೂಲು ಬುಟ್ಟೋಳು ನಾನು, ಅಕ್ಷರ ಕೈಗೆ ಬರೋದೇ ಕಷ್ಟ. ಸಿಟ್ಟು ಇಳಿದ ಮೇಲೆ ಬರೆಯನ ಅಂತಲೂ ಕಾದೆ. ಇಳೀಲಿಲ್ಲ.

ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು. ನೀನು ಹನಕೆರೇಲಿ ನಿನ್ನತ್ತೆ ಮೋಹಿನಿ ಹತ್ರ ಮಾಡಿಸ್ಕೋತೀನಿ ಅಂತ ನಿಮ್ಮಪ್ಪನ ಕೈಲಿ ಹೇಳಿಸಿದೀಯ. ಈ ಬೀದೀಲಿ ಯಾರಿಗೆ ಹೆರಿಗೆ ಆದ್ರೂ ಮೊದಲು ನನ್ನನ್ನ ಕರೀತಾರೆ. ನಾನು ಹೆತ್ತ ಮಗಳಿಗೆ ಮಾತ್ರ ಇನ್ನೊಬ್ಬಳ ಕೈ ಬೇಕು. ಇರಲಿ, ಮೊಲದ ಸುದ್ದಿ ಕೇಳು.

ಅಳಿಯಂದ್ರು ಅಕ್ಕತಂಗಿಯಾದ ಎರಡು ಹೆಣ್ಣು ಮೊಲ ತಂದು, ಒಂದು ನಮಗೆ, ಒಂದು ಅವರಮ್ಮಂಗೆ, ಜೊತೆಗೆ ಒಂದೊಂದು ಗಂಡು ಕೊಟ್ರಲ್ಲ. ಹೆಣ್ಣೆರಡೂ ಒಂದೇ ಹೊಟ್ಟೇಲಿ ಹುಟ್ಟಿದವು. ಅವಳದು ಹಾಕಿದ ಮರಿಯೆಲ್ಲ ಉಳಿದವು, ನಂದು ಒಂದೂ ಉಳೀಲಿಲ್ಲ. ನೀನು ಬೇರೆ ಫೋಟೋ ಕಳಿಸಿದೆ. ಅವಳ ಮಡಿಲು ತುಂಬ ಮರಿ, ಪಕ್ಕದಲ್ಲಿ ನೀನು ಹಲ್ಲು ಬಿಟ್ಕಂಡು ಕುಂತಿದ್ದೀಯ. ಫೋನು ಬೋರಲು ಮಡಗಿದೆ.

ನಾನೇನು ಕಮ್ಮಿ ಮಾಡಿದ್ನಾ? ಮೊದಲನೇ ಸಲ ಮರಿಗಳಿಗೆ ಹರಳೆಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದೆ. ನಿಮ್ಮಪ್ಪ ನೋಡಿ, "ಲೇ ಮಂಗ್ಳಿ, ಅಂಗೇ ಒಂದು ದೃಷ್ಟಿಬೊಟ್ಟು ಇಕ್ಕಿ ಕುಲಾವಿ ಕಟ್ಬುಡು" ಅಂದ್ರು. ಬಯ್ದು ಓಡಿಸಿದೆ. ಕೂದಲೇ ಇಲ್ಲದ ಮೈ, ಒದ್ದೆ ಆರೋ ಅಷ್ಟರಲ್ಲಿ ತಣ್ಣಗಾಗಿ ಸೆಟೆದುಕೊಂಡವು.

ಎರಡನೇ ಸಲ ಮರಿ ಮುಟ್ಟಲಿಲ್ಲ, ತಾಯಿಗೆ ಪಥ್ಯ ಹಿಡಿದೆ. ಹಸಿಸೊಪ್ಪು ನಿಲ್ಲಿಸಿ, ನೀರಿನ ಬಟ್ಟಲು ಎತ್ತಿಟ್ಟೆ. ಬಾಣಂತಿ ನೀರು ಕುಡಿದ್ರೆ ಮೈ ಊದ್ಕತದೆ, ಮಗೀಗೆ ಶೀತ ಆಯ್ತದೆ ಅಂತ ನಿಮ್ಮಜ್ಜಿ ನನಗೆ ಹೇಳಿಕೊಟ್ಟಿದ್ದು. ಬೆಳಿಗ್ಗೆ ನೋಡಿದ್ರೆ ತಾಯಿನೇ ಮರಿಗಳನ್ನ ತಿಂದಿತ್ತು. ಪೊರಕೆ ಎತ್ತಿದೆ. ಒಳ್ಳೇದನ್ನ ಅವರಮ್ಮಂಗೆ ಆರಿಸಿಕೊಟ್ಟು ಈ ರಾಕ್ಷಸೀನ ನನ್ನ ತಲೆಗೆ ಕಟ್ಟವ್ರೆ ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗಾಡಿದೆ.

ಹೋದ ತಿಂಗಳು ಅವರೆಕಾಯಿ ಕೊಡೋ ನೆಪ ಮಾಡ್ಕಂಡು ಹನಕೆರೆಗೆ ಹೋದೆ, ಅದೇನು ಮಾಟ ಮಾಡವ್ಳೋ ನೋಡನ ಅಂತ. ಬಾಗಿಲಲ್ಲೇ ನಿನ್ನತ್ತೆ ತಂಬಿಗೆ ನೀರು ತಂದು ಕೈಗಿಟ್ಟಳು. ಆಮೇಲೆ ಹಿತ್ತಿಲಿಗೆ ಕರಕೊಂಡು ಹೋದ್ಲು. ಟೊಮೇಟೊ ಪೆಟ್ಟಿಗೆ, ಒಳಗೆ ಒಣಹುಲ್ಲು, ಅದರ ಮೇಲೆ ಮೊಲ ತನ್ನ ಎದೆಯಿಂದಲೇ ಕಿತ್ತು ಹಾಸಿದ ತುಪ್ಪಟ. ಮರಿ ಕಾಣಿಸಲ್ಲ, ತುಪ್ಪಟ ಮಾತ್ರ ಮೇಲೆ ಕೆಳಗೆ ಆಡ್ತಾ ಇತ್ತು. ಗೋಣಿಚೀಲ ಇಳಿಬಿಟ್ಟು ಗೂಡು ಕತ್ತಲೆ ಮಾಡವ್ಳೆ. ಪಕ್ಕದಲ್ಲೇ ದೊಡ್ಡ ಬಟ್ಟಲು ತುಂಬ ನೀರು.

"ಬಾಣಂತಿ ಮೊಲಕ್ಕೆ ಇಷ್ಟು ನೀರಾ?" ಅಂದೆ.

"ಇನ್ನೆಲ್ಲಿಂದ ಬರಬೇಕು ಬೀಗ್ರೆ ಹಾಲು? ಬಾಯಾರಿದ್ರೆ ಅದಕ್ಕೆ ದಿಕ್ಕೇ ತೋಚಲ್ಲ, ಮರಿಗೇ ಬಾಯಿ ಹಾಕ್ತದೆ. ನೀರು ಮಡಗಿ ಸುಮ್ಮನಿರಿ. ದಿನಕ್ಕೊಂದು ಸಲ, ಯಾರೂ ಇಲ್ಲದಾಗ ಬಂದು ಅದೇ ಹಾಲು ಕುಡಿಸ್ಕತದೆ. ಹೊಟ್ಟೆ ತುಂಬ್ತೋ ಇಲ್ವೋ ಅಂತ ಗಳಿಗೆಗೊಂದು ಸಲ ಕೈ ಹಾಕಬ್ಯಾಡಿ."

ನಗ್ತಾ ಹೇಳಿದ್ಲು. ಆ ನಗು ಕಂಡ್ರಾಗಲ್ಲ ನನಗೆ. ಜಂಬ ಮಾಡಿದ್ರೆ ಚೆನ್ನಾಗಿತ್ತು, ಜಗಳ ಆಡಿ ಬಂದ್ಬುಡ್ತಿದ್ದೆ.

ಸಂಕ್ರಾಂತಿಗೆ ಮುಂಚೆ ನಮ್ಮದು ಮೂರನೇ ಸಲ ಈಯ್ತು. ಅವಳು ಹೇಳಿದಂಗೇ ಮಾಡಿದೆ, ಇದನ್ನ ಹನಕೆರೆಗೆ ಮುಟ್ಟಿಸಬೇಡ. ಒಂದು ಮರಿ ಸತ್ತು ಹುಟ್ಟಿತ್ತು, ಅದನ್ನ ತೆಗೆದೆ, ಅಷ್ಟೇ ನಾನು ಕೈ ಹಾಕಿದ್ದು. ಮಿಕ್ಕವೆಲ್ಲ ಉಳಿದು ಕಣ್ಣು ಬಿಟ್ಟವೆ. "ಬೀಗಿತ್ತಿಗೆ ಫೋನ್ ಮಾಡಿ ಹೇಳ್ಬುಡ್ಲಾ?" ಅಂದ್ರು ನಿಮ್ಮಪ್ಪ. "ಹೇಳಿ ನೋಡಿ, ಸಂಜೆ ಹೊತ್ತು ಹಿಟ್ಟಿಲ್ಲ ನಿಮಗೆ" ಅಂದೆ.

ಮರಿ ಹಾಕಿದ ದಿನ ಬಟ್ಟಲು ಮಡಗಿದಾಗ ಮೊಲ ಮೂತಿ ಅದ್ದಿ ಕುಡೀತಾನೇ ಇತ್ತು. ತಲೆ ಎತ್ತಿದ್ರೆ ಗಲ್ಲದಿಂದ ತೊಟ್ಟಿಕ್ತಾ ಇತ್ತು. ನಿಂತು ನೋಡಿದೆ. ಅದರ ಮೇಲೂ ಹೊಟ್ಟೆಕಿಚ್ಚಾಯ್ತು ಕಣಮ್ಮಿ.

ರಾಕ್ಷಸಿ ಅಂದಿದ್ದು ತಪ್ಪು ಅಂತ ಅಳಿಯಂದ್ರಿಗೆ ಹೇಳು, ನಾನು ಹೇಳಿದೆ ಅನ್ನಬೇಡ. ಹೊತ್ತೊತ್ತಿಗೆ ಉಣ್ಣು. ಹೊಟ್ಟೇಲಿರೋದು ಗಟ್ಟಿಮುಟ್ಟಾಗಿ ಭೂಮಿಗೆ ಬರಲಿ, ನಿನ್ನ ಕೈಕಾಲು ಸುಖವಾಗಿರಲಿ.

ನಿಮ್ಮವ್ವ
ಮಂಗಳಮ್ಮ

ಇನ್ನೊಂದು ಮಾತು. ಹನಕೆರೆ ಮನೆ ತೊಲೆಗೆ ತೊಟ್ಟಿಲು ಕಟ್ಟೋಕೆ ಹೊಸ ಕೊಂಡಿ ಹಾಕ್ಸವ್ರೆ, ಕಂಡೆ. ನನ್ನ ಕಣ್ಣು ಅಲ್ಲಿಗೆ ಹೋಗಿದ್ದು ನೋಡಿ ನಿನ್ನತ್ತೆ ತಲೆ ತಗ್ಗಿಸಿದ್ಲು. "ನಿಮ್ಮನೇಲಿ ನೀರು ಕೊಡಲ್ಲ ಅಂತ ರಂಜಿತಂಗೆ ಭಯ, ಬೇಜಾರು ಮಾಡ್ಕಬ್ಯಾಡಿ ಬೀಗ್ರೆ" ಅಂದ್ಲು. ನನ್ನ ಮಗಳ ಭಯ ನನಗಿಂತ ಮುಂಚೆ ಅವಳಿಗೆ ಗೊತ್ತು. ನೀನು ಹುಟ್ಟಿದಾಗ ನಿಮ್ಮಜ್ಜಿ ನನಗೂ ನೀರು ಕೊಡಲಿಲ್ಲ. ಬಚ್ಚಲಲ್ಲಿ ತಲೆ ಮೇಲೆ ಹುಯ್ಯೋ ನೀರಿಗೆ ಬಾಯಿ ಒಡ್ಡಿ, ಸೀಗೆಪುಡಿ ಸಮೇತ ನುಂಗಿದ್ದೆ. ನಿಮ್ಮಪ್ಪಂಗೂ ಹೇಳಿಲ್ಲ. ನನಗೆ ಸಿಗದೇ ಇದ್ದಿದ್ದು ಬೇರೆಯೋರಿಗೆ ಯಾಕೆ ಸಿಗಬೇಕು ಅಂತಲೇ ಇಷ್ಟು ವರ್ಷ ಎಲ್ಲಾ ಬಾಣಂತೀರ ಚೊಂಬು ಎತ್ತಿಡ್ತಿದ್ನೋ ಏನೋ. ನಡುಮನೆ ಮಂಚ ಕಿಟಕಿ ಹತ್ರ ಎಳೆಸಿದ್ದೀನಿ. ತಲೆದೆಸೇಲಿ ತಂಬಿಗೆ ಮಡಗಿ ದಿನಾ ಬೆಳಿಗ್ಗೆ ನೀರು ಬದಲಾಯಿಸ್ತಾ ಇದ್ದೀನಿ. ಎಷ್ಟು ಕುಡಿದೆ ಅಂತ ಕೇಳಲ್ಲ. ಬಾ.